ರೈಲು ಹೊರಡಲೇ ಇಲ್ಲ, ಕೈ ಯಾಕೆ ತಪ್ಪಿತು?

ಪ್ರಶ್ನೆ: ಕೆಲಸಕ್ಕೆಂದು ಉಡುಪಿಯಿಂದ ಮಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಮೊನ್ನೆ ಮೂಲ್ಕಿಯಲ್ಲಿ ಕ್ರಾಸಿಂಗ್‌ಗೆ ನಿಲ್ಲಿಸಿದ್ದರು. ಪಕ್ಕದ ಹಳಿಯಲ್ಲಿ ಉಡುಪಿ ಕಡೆಗೆ ಹೋಗುವ ರೈಲು ನಿಂತಿತ್ತು. ಅದು ಮೆಲ್ಲಗೆ ಹೊರಟಾಗ ನಮ್ಮ ರೈಲೇ ಹೊರಟಿತು ಅನಿಸಿತು. ಅದೇ ಹೊತ್ತಿಗೆ ಕಿಟಕಿ ಪಕ್ಕದ ಪುಟ್ಟ ಮೇಜಿನ ಮೇಲಿದ್ದ ಚಾದ ಲೋಟಕ್ಕೆ ಕೈ ಚಾಚಿದೆ. ಬೆರಳು ಲೋಟದ ಉಡುಪಿ ಕಡೆಯ ಅಂಚಿಗೆ ತಾಗಿ ಚಾ ಚೆಲ್ಲಿತು. ನೋಡಿದರೆ ನಮ್ಮ ರೈಲು ಒಂದಿಂಚೂ ಅಲುಗಿರಲಿಲ್ಲ. ಮಗನದ್ದು ಇನ್ನೊಂದು ಕಥೆ. ಮಾಲ್ ಒಂದರಲ್ಲಿ ಅವನಿಗೆ ಕಣ್ಣೆದುರು ಕೃತಕ ದೃಶ್ಯ ತೋರಿಸುವ ವಿ.ಆರ್. ಹೆಡ್‌ಸೆಟ್ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿ ಅಲುಗುವುದಿಲ್ಲ. ಕಣ್ಣೆದುರಿನ ಊರು ಮಾತ್ರ ಬಲಕ್ಕೆ ತಿರುಗುತ್ತಾ ಇರುತ್ತದೆ. ತಾನೇ ಎಡಕ್ಕೆ ತಿರುಗುತ್ತಿದ್ದೇನೆ ಅಂತ ಅವನಿಗೆ ಅನಿಸಿತಂತೆ. ಎದುರಿನ ಹಿಡಿಕೆ ಹಿಡಿಯಲು ಹೋದರೆ ಕೈ ಎಡಕ್ಕೆ ಹೋಗುತ್ತಿತ್ತು. ಮೂರ್ನಾಲ್ಕು ಸಲ ಹೀಗಾಗಿ ಆಮೇಲೆ ಸರಿಹೋಯಿತು. ನನ್ನ ಕೈ ಎದುರಿನ ದೃಶ್ಯ ಹೋದ ಕಡೆಗೇ ಹೋಯಿತು. ಅವನ ಕೈ ಅದಕ್ಕೆ ಎದುರು ಹೋಯಿತು. ಇದು ಹೇಗೆ? ಅವನಿಗೆ ಪರೀಕ್ಷೆ ಹತ್ತಿರ ಬಂತು, ಬರೆಯುವ ಕೈಗೆ ತೊಂದರೆ ಆಗುತ್ತದಾ? ನಮ್ಮಿಬ್ಬರಿಗೂ ಏನಾದರೂ ಕಾಯಿಲೆಯಾ?
ಓದುಗರು, ಉಡುಪಿ

ಉತ್ತರ: ಕಾಯಿಲೆ ಏನೂ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವುದು ಚೆನ್ನಾಗಿ ಕೆಲಸ ಮಾಡುವ ಮಿದುಳಿನ ಲಕ್ಷಣ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಲೋಟದ ಉಡುಪಿ ಕಡೆಯ ಅಂಚು’ ಅನ್ನುವ ಮಾತು. ಹೆಚ್ಚಿನವರು ಕೈ ತಪ್ಪಿತು ಅಂತಷ್ಟೇ ಹೇಳುತ್ತಾರೆ. ಯಾವ ಕಡೆಗೆ ತಪ್ಪಿತು ಅಂತ ಹೇಳುವುದಿಲ್ಲ. ಇಲ್ಲಿ ದಿಕ್ಕು ಗೊತ್ತಾಗದಿದ್ದರೆ ಉತ್ತರ ಹೇಳಲು ಸಾಧ್ಯವೇ ಇಲ್ಲ. ನಿಮ್ಮ ಕೈ ಮತ್ತು ಮಗನ ಕೈ ಎದುರು ದಿಕ್ಕಿಗೆ ಹೋಗಲು ಕಾರಣ, ಎರಡು ಕಡೆಯೂ ಮಿದುಳು ಮಾಡಿದ ತಿದ್ದುಪಡಿ ಬೇರೆ ಬೇರೆ. ನಿಮ್ಮ ಕೈಯಲ್ಲಿ ಅದು ಜಾಗವನ್ನು ತಿದ್ದಿತು. ಮಗನ ಕೈಯಲ್ಲಿ ಬಲವನ್ನು, ಅಂದರೆ ಸ್ನಾಯು ಹಾಕುವ ಶಕ್ತಿಯನ್ನು, ತಿದ್ದಿತು. ಒಂದೊಂದಾಗಿ ನೋಡೋಣ.

ಮೊದಲು ಭ್ರಮೆಯ ವಿಷಯ. ಕೂತಲ್ಲೇ ಕೂತಿದ್ದರೂ ತಾನು ಚಲಿಸುತ್ತಿದ್ದೇನೆ ಅನಿಸುವುದಕ್ಕೆ ವಿಜ್ಞಾನಿಗಳು ‘ವೆಕ್ಷನ್’ ಅನ್ನುತ್ತಾರೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1875ರಲ್ಲೇ ಇದರ ಬಗ್ಗೆ ಬರೆದಿದ್ದರು. ಸೇತುವೆ ಮೇಲೆ ನಿಂತು ಹರಿಯುವ ನೀರನ್ನೇ ದಿಟ್ಟಿಸಿದರೆ ಸೇತುವೆಯೇ ಹೊರಟ ಹಾಗಾಗುತ್ತದೆ ಅಂತ ಅವರು ಗಮನಿಸಿದ್ದರು. ಮಳೆಗಾಲದಲ್ಲಿ ಸೀತಾನದಿಯೋ ಸ್ವರ್ಣೆಯೋ ತುಂಬಿ ಹರಿಯುವಾಗ ಸಂಕದ ಮೇಲೆ ನಿಂತವರಿಗೆಲ್ಲ ಇದು ಗೊತ್ತು.

ಇದಕ್ಕೆ ಮೂಲ ಒಳಕಿವಿಯಲ್ಲಿದೆ. ಅಲ್ಲಿ ತಲೆ ತಿರುಗುವುದನ್ನು ಹಿಡಿಯಲು ದ್ರವ ತುಂಬಿದ ಮೂರು ಅರ್ಧವೃತ್ತದ ಕೊಳವೆಗಳಿವೆ. ನೇರ ಚಲನೆಯನ್ನು ಹಿಡಿಯಲು ಸಣ್ಣ ಸುಣ್ಣದ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಚಲನೆಯ ಮಟ್ಟಿಗೆ ಈ ಎರಡೂ ಅಂಗಗಳು ವೇಗ ಬದಲಾದಾಗ ಮಾತ್ರ ಸುದ್ದಿ ಕೊಡುತ್ತವೆ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಸುಮ್ಮನಾಗುತ್ತವೆ. ಅಂದರೆ ರೈಲು ಒಂದೇ ವೇಗದಲ್ಲಿ ಓಡುತ್ತಿದ್ದರೂ, ನಿಲ್ದಾಣದಲ್ಲಿ ನಿಂತಿದ್ದರೂ ಒಳಕಿವಿಗೆ ಹೆಚ್ಚುಕಡಿಮೆ ಒಂದೇ. ಆಗ ಮಿದುಳು ಕಣ್ಣಿನ ಮಾತನ್ನು ನಂಬಬೇಕಾಗುತ್ತದೆ. ಕಿಟಕಿ ತುಂಬಾ ಕಾಣುವುದೆಲ್ಲ ಒಟ್ಟಿಗೆ ಒಂದೇ ಕಡೆಗೆ ಸರಿದರೆ, ಜಗತ್ತೇ ಸರಿಯಿತು ಅನ್ನುವುದಕ್ಕಿಂತ ನಾನು ಸರಿದೆ ಅನ್ನುವುದೇ ನ್ಯಾಯವಾದ ಊಹೆ, ಅಲ್ವಾ? ದಿನದ ಬಹುಪಾಲು ಹೊತ್ತು ಈ ಊಹೆ ಸರಿಯಾಗಿಯೇ ಇರುತ್ತದೆ.

ಮೂಲ್ಕಿಯಂಥ ಕಡೆ ಇದು ಜೋರಾಗಿ ಆಗಲು ಕಾರಣವಿದೆ. ನಮ್ಮ ಕಡೆ ಕೊಂಕಣ ರೈಲ್ವೆ ಒಂಟಿ ಹಳಿ. ಹಾಗಾಗಿ ಕ್ರಾಸಿಂಗ್‌ಗೆ ಕಾಯುವುದು, ಪಕ್ಕದಲ್ಲೇ ಇನ್ನೊಂದು ರೈಲು ಹೊರಡುವುದು ಮಾಮೂಲಿ. ಪಕ್ಕದ ಬೋಗಿಗಳು ಕಿಟಕಿಯನ್ನು ಪೂರ್ತಿ ತುಂಬುತ್ತವೆ. ನಿಂತಿರುವ ಕಂಬವೋ ತೆಂಗಿನ ಮರವೋ ಆಸರೆಗೆ ಕಾಣುವುದಿಲ್ಲ. 2022ರಿಂದ ಇಡೀ ಮಾರ್ಗಕ್ಕೆ ವಿದ್ಯುತ್ ಬಂದಿದೆ, ಎಂಜಿನ್ ಮೆಲ್ಲಗೆ ಎಳೆದರೆ ಜರ್ಕ್ ಇರುವುದೇ ಇಲ್ಲ. ನಿಜವಾಗಿ ಹೊರಟಾಗಲೂ ಒಳಕಿವಿಗೆ ಸುದ್ದಿ ಮುಟ್ಟದೆ ಇರಬಹುದು ಅಂತ ಮಿದುಳಿಗೆ ಅನುಭವದಿಂದ ಗೊತ್ತು. ಹಾಗಾಗಿ ಒಳಕಿವಿ ಮೌನವಾಗಿದ್ದರೂ ಕಣ್ಣಿನ ಮಾತೇ ಗೆಲ್ಲುತ್ತದೆ.

ಈಗ ನಿಮ್ಮ ಲೋಟಕ್ಕೆ ಬರುತ್ತೇನೆ.

ಲೋಟ ನಿಂತಿತ್ತು. ಅದರ ಹಿಂದೆ ಕಿಟಕಿಯಾಚೆ ಬೋಗಿಗಳು ಉಡುಪಿ ಕಡೆಗೆ ಸರಿಯುತ್ತಿದ್ದವು. ಬೆರಳು ಉಡುಪಿ ಕಡೆಗೇ ಸರಿಯಿತು. ಇದನ್ನೇ ಪ್ರಯೋಗದಲ್ಲಿ ನೋಡಿದ್ದಾರೆ. 2003ರಲ್ಲಿ ಡೇವಿಡ್ ವಿಟ್ನಿ, ಡೇವಿಡ್ ವೆಸ್ಟ್‌ವುಡ್, ಮೆಲ್ವಿನ್ ಗುಡೇಲ್ ಎಂಬ ಸಂಶೋಧಕರು ಪ್ರಕಟಿಸಿದ ಕೆಲಸ ಅದು. ನಿಂತಿರುವ ಗುರಿಗೆ ಜನ ಬೇಗ ಕೈ ಚಾಚುವಾಗ ಹತ್ತಿರದಲ್ಲೇ ಬೇರೇನೋ ಚಲಿಸುವಂತೆ ಮಾಡಿದರೆ, ಕೈ ಆ ಚಲನೆಯ ಕಡೆಗೇ ವಾಲುತ್ತದೆ. ಜಪಾನಿನ ಸಂಶೋಧಕರೂ 2005ರಲ್ಲಿ ಇದರ ವೇಗವನ್ನು ಅಳೆದರು. ಕೈ ಚಾಚುತ್ತಿರುವಾಗ ಎದುರಿನ ದೊಡ್ಡ ದೃಶ್ಯ ಥಟ್ಟನೆ ಸರಿದರೆ, ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತಿನಲ್ಲೇ ಕೈ ಅದನ್ನು ಹಿಂಬಾಲಿಸಲು ಶುರುಮಾಡುತ್ತದೆ. ಯೋಚನೆ ಮಾಡಿ ಕೈ ತಿರುಗಿಸಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ‘ನಮ್ಮ ರೈಲು ಹೊರಡಲಿಲ್ಲ’ ಅಂತ ನಿಮಗೆ ಹೊಳೆಯುವ ಮೊದಲೇ ಬೆರಳು ಲೋಟದ ಅಂಚಿಗೆ ಹೋಗಿ ಆಗಿತ್ತು.

ಕೈ ಯಾಕೆ ದೃಶ್ಯದ ಹಿಂದೆ ಹೋಗಬೇಕು? ಮನೆಯಲ್ಲಿ ನಿಂತು ಕಪಾಟಿನಿಂದ ಡಬ್ಬಿ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಯಾರೋ ಮೈಗೆ ತಾಗಿ ನೀವು ತುಸು ಬಲಕ್ಕೆ ವಾಲಿದಿರಿ. ಆಗ ಕಣ್ಣಿಗೆ ಇಡೀ ಅಡುಗೆಮನೆ ಎಡಕ್ಕೆ ಸರಿದ ಹಾಗೆ ಕಾಣುತ್ತದೆ. ಡಬ್ಬಿ ಈಗ ನಿಮ್ಮ ಮೈಯಿಂದ ನೋಡಿದರೆ ಎಡಕ್ಕಿದೆ. ಕೈಯೂ ಎಡಕ್ಕೆ ಹೋದರೆ ಮಾತ್ರ ಡಬ್ಬಿ ಸಿಗುತ್ತದೆ. ದೃಶ್ಯ ಹೋದ ಕಡೆಗೆ ಕೈಯನ್ನು ತಳ್ಳುವುದು ಇಲ್ಲಿ ಸರಿಯಾದ ತಿದ್ದುಪಡಿ. ಮೈ ಎಷ್ಟು ಜರುಗಿತೋ ಗುರಿಯ ಜಾಗವನ್ನೂ ಅಷ್ಟೇ ಜರುಗಿಸಿಕೊಳ್ಳುವುದು. ಮೂಲ್ಕಿಯಲ್ಲಿ ಮೈ ಜರುಗಲೇ ಇಲ್ಲ, ಲೋಟವೂ ನಿಮ್ಮ ಜೊತೆಗೇ ರೈಲಿನೊಳಗೆ ಇತ್ತು. ತಿದ್ದುಪಡಿ ಮಾತ್ರ ಆಗಿಹೋಯಿತು.

ಈ ಜಾಗದ ತಿದ್ದುಪಡಿಯನ್ನು ಕಣ್ಣಿಲ್ಲದೆಯೂ ನೋಡಬಹುದು. ನಾನು ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಬಾರಾನಿ ಕುರ್ಚಿ ಅಂತ ಒಂದಿದೆ. ಒಳಕಿವಿಯ ಕೆಲಸ ಬಿಡಿಸಿಟ್ಟದ್ದಕ್ಕೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ಹೆಸರಿನ ತಿರುಗುವ ಕುರ್ಚಿ. ವಿದ್ಯಾರ್ಥಿಯನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಬಲಕ್ಕೆ 20 ಸೆಕೆಂಡಿನಲ್ಲಿ 10 ಸುತ್ತು ತಿರುಗಿಸಿ ಥಟ್ಟನೆ ನಿಲ್ಲಿಸುತ್ತೇವೆ. ಕೊಳವೆಯೊಳಗಿನ ದ್ರವ ಇನ್ನೂ ಮುಂದಕ್ಕೆ ಒತ್ತುತ್ತಿರುತ್ತದೆ. ಹಾಗಾಗಿ ಎಡಕ್ಕೆ ತಿರುಗುತ್ತಿದ್ದೇನೆ ಅಂತ ಅವರಿಗೆ ಅನಿಸುತ್ತದೆ. ಕಣ್ಣು ಮುಚ್ಚಿಕೊಂಡೇ ಎದುರಿಗಿರುವ ನನ್ನ ಬೆರಳನ್ನು ಮುಟ್ಟಿ ಅಂದರೆ, ಅವರ ಬೆರಳು ನನ್ನ ಬೆರಳಿನ ಬಲಕ್ಕೆ ಗಾಳಿಯಲ್ಲಿ ಹೋಗಿ ನಿಲ್ಲುತ್ತದೆ. ಎಡಕ್ಕೆ ಸಾಗಿಹೋದೆ, ಬೆರಳು ಬಲಕ್ಕೆ ಉಳಿಯಿತು ಅನ್ನುವ ಲೆಕ್ಕ. ಕಣ್ಣು ಬಿಡಿಸಿ ತೋರಿಸಿದಾಗ ಪ್ರತಿ ಬ್ಯಾಚ್‌ನಲ್ಲೂ ಒಬ್ಬಿಬ್ಬರು ‘ಸರ್, ನೀವು ಬೆರಳು ಸರಿಸಿದಿರಿ’ ಅನ್ನುತ್ತಾರೆ. ತಮ್ಮ ಕೈ ತಪ್ಪಿತು ಅಂತ ನಂಬಲು ಆಗುವುದೇ ಇಲ್ಲ. ಅವರು ಮುಟ್ಟಲು ಹೋದದ್ದು ನಿಂತ ನೆಲಕ್ಕೆ ಸೇರಿದ ಗುರಿ, ಕುರ್ಚಿಗೆ ಸೇರಿದ್ದಲ್ಲ ಅನ್ನುವುದನ್ನು ನೆನಪಿಡಿ. ಮಗನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಮಗನ ಕೈ ಹೋದದ್ದು ದೃಶ್ಯಕ್ಕೆ ಎದುರು. ಮೇಲಿನ ವಿವರಣೆ ಅವನಿಗೆ ಹೊಂದುವುದಿಲ್ಲ. ಹಿಡಿಕೆ ಕುರ್ಚಿಗೇ ಸೇರಿದ್ದು. ತಾನು ಎಷ್ಟು ತಿರುಗಿದರೂ ಅದು ತನ್ನ ಎದುರಿಗೇ ಇರುತ್ತದೆ ಅಂತ ಅವನಿಗೆ ಗೊತ್ತು, ಜಾಗ ತಿದ್ದುವ ಅಗತ್ಯವೇ ಇಲ್ಲ. ಆದರೂ ಕೈ ಎಡಕ್ಕೆ ಹೋಯಿತಲ್ಲ! ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಚೆಂದದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್‌ನ್ನು ಒಮ್ಮೆ ಗಮನಿಸಿ. ಬಸ್ಸು ತಿರುವಿನಲ್ಲಿ ವಾಲುತ್ತಿರುತ್ತದೆ. ಅವರು ರಾಡ್ ಹಿಡಿಯದೆ ಸೀಟಿಗೆ ಸೊಂಟ ಒರಗಿಸಿ, ಒಂದು ಕೈಯಲ್ಲಿ ಟಿಕೆಟ್ ಮೆಷಿನ್ ಹಿಡಿದು, ಇನ್ನೊಂದು ಕೈಯಿಂದ ನಿಮ್ಮ ಅಂಗೈಗೆ ಸರಿಯಾಗಿ ಚಿಲ್ಲರೆ ಹಾಕುತ್ತಾರೆ. ತಿರುವಿನಲ್ಲಿ ಕೈಯನ್ನು ಹೊರಕ್ಕೆ ಎಳೆಯುವ ಬಲ ಇದೆ. ಆ ಬಲ ಎಷ್ಟು ಅಂತ ಮೊದಲೇ ಅಂದಾಜು ಮಾಡಿ, ಅಷ್ಟೇ ಎದುರು ಬಲವನ್ನು ಸ್ನಾಯುಗಳಿಗೆ ತುಂಬಿ ಕೈ ಹೊರಡುತ್ತದೆ. ಬಲ ಬಂದ ಮೇಲೆ ತಿದ್ದಲು ಹೋದರೆ ಚಿಲ್ಲರೆ ಪಕ್ಕದವರ ಮಡಿಲಿಗೆ ಬೀಳುತ್ತಿತ್ತು.

ಮೈ ತಿರುಗುತ್ತಿರುವಾಗ ಕೈ ಚಾಚಿದರೆ ಇನ್ನೊಂದು ಬಲ ಬರುತ್ತದೆ. ಅದಕ್ಕೆ ಕೊರಿಯೊಲಿಸ್ ಬಲ ಅನ್ನುತ್ತಾರೆ. ನೀವು ಎಡಕ್ಕೆ ತಿರುಗುತ್ತಾ ಕೈಯನ್ನು ಮುಂದಕ್ಕೆ ಚಾಚಿದರೆ ಅದು ಕೈಯನ್ನು ಬಲಕ್ಕೆ ತಳ್ಳುತ್ತದೆ. ಬಲಕ್ಕೆ ತಿರುಗುತ್ತಿದ್ದರೆ ಎಡಕ್ಕೆ. ಇದೇನೂ ಸಣ್ಣ ಬಲವಲ್ಲ. ನಿಮಿಷಕ್ಕೆ 10 ಸುತ್ತಿನಂತೆ ತಿರುಗುತ್ತಾ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕೈ ಚಾಚಿದರೆ, ಕೈಯ ತೂಕದ ಸುಮಾರು ಐದನೇ ಒಂದು ಪಾಲಿನಷ್ಟು ತಳ್ಳು ಬೀಳುತ್ತದೆ. ಒಲೆ ಕಡೆಯಿಂದ ಸರ್ರನೆ ತಿರುಗಿ ಉಪ್ಪಿನ ಭರಣಿಗೆ ಕೈ ಹಾಕುವಾಗ ಮೈ ಇದಕ್ಕಿಂತ ಜೋರಾಗಿಯೇ ತಿರುಗುತ್ತದೆ. ಆದರೂ ಕೈ ತಪ್ಪುವುದಿಲ್ಲ, ಯಾರೋ ತಳ್ಳಿದ ಹಾಗೂ ಅನಿಸುವುದಿಲ್ಲ. ಮಿದುಳು ಅದನ್ನು ಮೊದಲೇ ಕಳೆದುಬಿಟ್ಟಿರುತ್ತದೆ.

ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲ್ಯಾಕ್ನರ್ ಮತ್ತು ಪಾಲ್ ಡಿಜಿಯೊ ಇದನ್ನು ಎರಡೂ ಕಡೆಯಿಂದ ಪರೀಕ್ಷಿಸಿದರು. ಅವರ ಬಳಿ ಇಡೀ ಕೋಣೆಯೇ ತಿರುಗುವ ವ್ಯವಸ್ಥೆ ಇತ್ತು. ನಿಮಿಷಕ್ಕೆ 10 ಸುತ್ತಿನ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಒಳಗಿದ್ದವರಿಗೆ ಸ್ವಲ್ಪ ಹೊತ್ತಿನಲ್ಲಿ ಎಲ್ಲಾ ನಿಂತಂತೆ ಅನಿಸುತ್ತದೆ. ಒಳಕಿವಿ ಸುಮ್ಮನಾಗಿರುತ್ತದೆ, ಕೋಣೆಯೂ ಜೊತೆಗೇ ತಿರುಗುವುದರಿಂದ ಕಣ್ಣಿಗೂ ಏನೂ ಕಾಣುವುದಿಲ್ಲ. ಆಗ ಗುರಿಯ ಕಡೆಗೆ ಕೈ ಚಾಚಲು ಹೇಳಿದರು. ಕೈ ಆ ಬಲ ತಳ್ಳಿದ ಕಡೆಗೇ ಬಾಗಿ ಹೋಗಿ ತಪ್ಪಾದ ಜಾಗ ಸೇರಿತು. ಯಾರೋ ಕಾಣದೆ ಕೈ ಎಳೆದ ಹಾಗಾಯಿತು ಅಂತ ಜನ ಹೇಳಿದರು. ತಿರುಗುತ್ತಿಲ್ಲ ಅಂತ ಮಿದುಳು ನಂಬಿದ್ದರಿಂದ ಎದುರು ಬಲ ಹಾಕಿರಲಿಲ್ಲ. ಹಲವು ಸಲ ಚಾಚಿದ ಮೇಲೆ ಕೈ ನೇರವಾಯಿತು. ಸೋಜಿಗ ಎಂದರೆ, ಆಮೇಲೆ ಎಳೆದ ಅನುಭವವೂ ಹೋಯಿತು. ಬಲ ಅಷ್ಟೇ ಇದೆ, ಆದರೆ ಗೊತ್ತಾಗುವುದಿಲ್ಲ. ಕೋಣೆ ನಿಂತ ಮೇಲೆ ಮೊದಲ ಸಲ ಕೈ ಚಾಚಿದರೆ ಅದು ಎದುರು ಕಡೆಗೆ ಬಾಗಿತು. ಇಲ್ಲದ ಬಲ ಒಂದು ಎಳೆದ ಹಾಗೂ ಅನಿಸಿತು. ಕೈಯಲ್ಲಿ ನಮಗೆ ಗೊತ್ತಾಗುವ ತಳ್ಳು, ನಿಜವಾದ ಬಲಕ್ಕೂ ಮಿದುಳು ನಿರೀಕ್ಷಿಸಿದ ಬಲಕ್ಕೂ ಇರುವ ಅಂತರ ಅಂತ ಇದರಿಂದ ತಿಳಿಯುತ್ತದೆ.

ಹಾಗಾದರೆ ತಿರುಗದೆ ಇರುವವರಿಗೆ ತಿರುಗುತ್ತಿದ್ದೇನೆ ಅನಿಸಿದರೆ? ಇದೇ ನಿಮ್ಮ ಮಗನ ಪ್ರಶ್ನೆ. ಜೋಸೆಫ್ ಕೋಹ್ನ್ ಜೊತೆ ಸೇರಿ ಅವರಿಬ್ಬರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನೇ ಕೇಳಿತು. ಜನ ಅಲುಗದೆ ಕೂತಿದ್ದರು. ಕಣ್ಣೆದುರಿನ ದೃಶ್ಯ ಮಾತ್ರ ತಿರುಗುತ್ತಿತ್ತು. ತಾನೇ ತಿರುಗುತ್ತಿದ್ದೇನೆ ಅನ್ನುವ ಭ್ರಮೆ ಗಟ್ಟಿಯಾದ ಮೇಲೆ, ತಮ್ಮ ಕೈ ತಮಗೆ ಕಾಣದ ಹಾಗೆ ಗುರಿಗೆ ಕೈ ಚಾಚಿದರು. ಎಡಕ್ಕೆ ತಿರುಗುವ ಭ್ರಮೆ ಇದ್ದಾಗ ಕೈ ಎಡಕ್ಕೆ ಬಾಗಿತು. ಬಲಕ್ಕೆ ತಿರುಗುವ ಭ್ರಮೆ ಇದ್ದಾಗ ಬಲಕ್ಕೆ. ಭ್ರಮೆಯ ವೇಗ ಹೆಚ್ಚಿಸಿದರೆ ತಪ್ಪೂ ಹೆಚ್ಚಿತು.

ತಣ್ಣೀರುಬಾವಿಗೆ ಹೊಳೆ ದಾಟಿಸುವ ಅಂಬಿಗ ಹರಿವಿಗೆ ಎದುರಾಗಿ ದೋಣಿಯ ಮೂತಿ ತಿರುಗಿಸಿ ಹೊರಡುತ್ತಾನೆ. ಹರಿವು ಇದೆ ಅಂದುಕೊಂಡು ಹಾಗೆ ಹೊರಟ ದಿನ ನೀರು ನಿಂತಿದ್ದರೆ, ದೋಣಿ ಕಟ್ಟೆಯಿಂದ ಮೇಲೆ ಹೋಗಿ ಮುಟ್ಟುತ್ತದೆ. ನಿಮ್ಮ ಮಗನ ಮಿದುಳು ಮಾಡಿದ್ದೂ ಇಷ್ಟೇ. ಎಡಕ್ಕೆ ತಿರುಗುತ್ತಿದ್ದೇನೆ, ಕೈ ಬಲಕ್ಕೆ ತಳ್ಳಿಸಿಕೊಳ್ಳುತ್ತದೆ ಅಂತ ಎಡಕ್ಕೆ ಬಲ ಹಾಕಿ ಕೈಯನ್ನು ಬಿಟ್ಟಿತು. ಬಲಕ್ಕೆ ತಳ್ಳುವ ಬಲ ಬರಲೇ ಇಲ್ಲ. ಕೈ ಎಡಕ್ಕೆ ಹೋಯಿತು. ಕುರ್ಚಿ ಅಲುಗುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೈಗೆ ಲೆಕ್ಕ ಹಾಕಿಕೊಡುವ ಭಾಗ ಅವನ ಆ ತಿಳಿವಳಿಕೆಯನ್ನು ಕೇಳುವುದಿಲ್ಲ. ಅದು ಕೇಳುವುದು ಕಣ್ಣು, ಒಳಕಿವಿ, ಸ್ನಾಯು ಸೇರಿ ‘ಮೈ ಈಗ ಹೀಗೆ ಚಲಿಸುತ್ತಿದೆ’ ಅಂತ ಕೊಟ್ಟ ತೀರ್ಮಾನವನ್ನು ಮಾತ್ರ. ಅದಕ್ಕೇ ‘ಗಮನ ಇಟ್ಟು ಮಾಡು’ ಅಂತ ಪಕ್ಕದಲ್ಲಿ ನಿಂತು ಹೇಳಿದರೂ ಮೊದಲ ಸಲ ಕೈ ತಪ್ಪುತ್ತದೆ.

ನಿಮಗೆ ಯಾಕೆ ಹೀಗೆ ಆಗಲಿಲ್ಲ ಅಂತಲೂ ಕೇಳಬಹುದು. ರೈಲು ನೇರವಾಗಿ ಹೋಗುವ ಭ್ರಮೆಯಲ್ಲಿ ಮೈ ತಿರುಗುವಾಗ ಬರುವ ಕೊರಿಯೊಲಿಸ್ ಬಲಕ್ಕೆ ಜಾಗವಿಲ್ಲ. ಇನ್ನು ಸಮಯವೂ ಬೇರೆ. ದೃಶ್ಯದ ಹಿಂದೆ ಕೈ ಹೋಗುವುದು ಕ್ಷಣಾರ್ಧದ ಕೆಲಸ. ತಾನು ತಿರುಗುತ್ತಿದ್ದೇನೆ ಅನ್ನುವ ಭ್ರಮೆ ಗಟ್ಟಿಯಾಗಲು ಸಾಮಾನ್ಯವಾಗಿ ಕೆಲವು ಸೆಕೆಂಡು ಬೇಕು. ಕೂತು ತುಂಬಾ ಹೊತ್ತು ತಿರುಗುವುದನ್ನು ನೋಡಿದ ಮಗನಿಗೆ ಆ ಸಮಯ ಸಿಕ್ಕಿತ್ತು.

ಮೂರ್ನಾಲ್ಕು ಸಲ ತಪ್ಪಿ ಆಮೇಲೆ ಸರಿಹೋಯಿತು ಅಂದಿರಲ್ಲ, ಅದೂ ಆ ಪ್ರಯೋಗದಲ್ಲಿ ಇದೆ. ಕೈ ಎಲ್ಲಿ ಹೋಯಿತು ಅಂತ ನೋಡಲು ಬಿಡದೆ ಇದ್ದರೂ, ಗುರಿ ಕೈಗೆ ತಾಗದೆ ಇದ್ದರೂ, ಮತ್ತೆ ಮತ್ತೆ ಚಾಚಿದಾಗ ದಾರಿ ನೇರವಾಗುತ್ತಾ ಬಂತು. ನಾನು ಅಂದುಕೊಂಡ ತಳ್ಳು ಬರಲಿಲ್ಲ ಅನ್ನುವ ಸುದ್ದಿ ಸ್ನಾಯುಗಳಿಂದಲೇ ಸಿಗುತ್ತದೆ, ಕೈ ಅದರಿಂದಲೇ ಕಲಿಯುತ್ತದೆ ಅಂತ ನಾನು ತಿಳಿಯುತ್ತೇನೆ.

ಪರೀಕ್ಷೆಯ ವಿಷಯಕ್ಕೆ ಒಳ್ಳೆಯ ಸುದ್ದಿ ಇದೆ. ದೃಶ್ಯ ನಿಂತ ಮೇಲೆ ಆ ಪ್ರಯೋಗದಲ್ಲಿ ಕೂತವರ ಕೈ ಮೊದಲಿನ ಹಾಗೆಯೇ ಇತ್ತು. ತಿರುಗುವ ಕೋಣೆಯಲ್ಲಿ ಕಂಡ ಎದುರು ತಪ್ಪು ಇಲ್ಲಿ ಕಾಣಲೇ ಇಲ್ಲ. ಹಾಗಾಗಿ ಮಗ ಧೈರ್ಯವಾಗಿ ಬರೆಯಲಿ, ಅಕ್ಷರಕ್ಕೆ ಏನೂ ಆಗುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ಕೆಲವು ಆಟಗಳಲ್ಲಿ ನಿಮ್ಮ ಕೈ ಇರುವ ಜಾಗ ಬಿಟ್ಟು ಬೇರೆ ಕಡೆ ಕಾಣುತ್ತದೆ. ಅಲ್ಲಿ ಕೈ ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತದೆ, ಹೆಡ್‌ಸೆಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಪಕ್ಕಕ್ಕೆ ಹೋಗುತ್ತದೆ. ದೃಶ್ಯವನ್ನು ಓರೆ ಮಾಡುವ ಪಟ್ಟಕದ (ಪ್ರಿಸಂ) ಕನ್ನಡಕ ಹಾಕಿಸಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ತೋರಿಸಿದ್ದರು. ಕೈ ಒಂದಷ್ಟು ಸಲ ಆಡಿದರೆ ಅದೂ ಹೋಗುತ್ತದೆ. ಆದರೆ ವಿ.ಆರ್. ಮುಗಿಸಿದ ಕೂಡಲೇ ತಲೆ ಗಿಮ್ ಅನ್ನುತ್ತಿದ್ದರೆ ಅವನು ಸ್ಕೂಟರ್ ಹತ್ತುವುದು ಬೇಡ. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ನಾಲ್ಕು ಹೆಜ್ಜೆ ನಡೆದು ಹೊರಡಲಿ.

ರೈಲಿನಲ್ಲಿ ಬಿಸಿ ಚಾ ಇರುವಾಗ ಪಕ್ಕದ ರೈಲು ಹೊರಟರೆ, ಕಿಟಕಿಯಿಂದ ಕಣ್ಣು ತೆಗೆದು ಲೋಟವನ್ನೋ ಬೋಗಿಯ ಒಳಗನ್ನೋ ನೋಡಿ, ನಿಧಾನಕ್ಕೆ ಕೈ ಹಾಕಿ. ವೇಗವಾಗಿ ಚಾಚಿದಾಗಲೇ ತಿದ್ದಲು ಸಮಯ ಸಿಗದೆ ಹೋಗುವುದು. ಕಲ್ಸಂಕ ಸಿಗ್ನಲ್‌ನಲ್ಲಿ ಪಕ್ಕದ ಬಸ್ಸು ಮೆಲ್ಲಗೆ ಮುಂದೆ ಹೋದಾಗ ನಿಮ್ಮ ಕಾರು ಹಿಂದೆ ಜಾರಿತು ಅನಿಸಿ ಕಾಲು ಬ್ರೇಕ್ ಮೇಲೆ ಒತ್ತುತ್ತದಲ್ಲ, ಅದೂ ಇದೇ ಭ್ರಮೆ. ಅಲ್ಲಿ ರಸ್ತೆಯ ಡಿವೈಡರ್ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ಕಾಯಿಲೆಯ ಬಗ್ಗೆ ಕೇಳಿದ್ದಕ್ಕೆ ಇಷ್ಟು ಹೇಳುತ್ತೇನೆ. ದೃಶ್ಯ ಚಲಿಸುವಾಗ ಮಾತ್ರ ಬಂದು, ಅದು ನಿಂತ ಕೂಡಲೇ ಹೋಗುವ ಭ್ರಮೆಗೆ ಔಷಧಿ ಬೇಡ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಕೋಣೆ ತಿರುಗಿದ ಹಾಗಾದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಒಳಕಿವಿಯ ಹರಳು ಜಾಗ ತಪ್ಪಿದ್ದರೆ ಹೆಚ್ಚಿನ ಸಲ ತಲೆಯನ್ನು ಕ್ರಮವಾಗಿ ಬೇರೆ ಬೇರೆ ಭಂಗಿಗೆ ತಿರುಗಿಸಿಯೇ ಸರಿಮಾಡುತ್ತಾರೆ. ಯಾವ ದೃಶ್ಯವೂ ಅಲುಗದೆ ಇರುವಾಗ ಥಟ್ಟನೆ ಒಂದೇ ಬದಿಯ ಕೈ ಗುರಿ ತಪ್ಪಲು ಶುರುವಾದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆಗ ಯಾರನ್ನೂ ಕೇಳುತ್ತಾ ಕೂರಬೇಡಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಲಕ್ಷಣ ಶುರುವಾದ ಹೊತ್ತು ಎಷ್ಟು ಅಂತ ನೆನಪಿಟ್ಟುಕೊಂಡು ಹೋಗಿ, ಅಲ್ಲಿ ಮೊದಲು ಕೇಳುವುದು ಅದನ್ನೇ.